ಕಂಪ್ಲಿ ಹೊಳೆದಂಡೆಗೆ ಪಾರ್ಕ್ ಕೇಳಿ, ಗೋಡೆ ಕೇಳಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಾವು ಬಳ್ಳಾರಿ ಜಿಲ್ಲೆ ಕಂಪ್ಲಿಯವರು. ಇಲ್ಲಿ ತುಂಗಭದ್ರಾ ಹೊಳೆದಂಡೆಯಲ್ಲಿ ಐದು ಎಕರೆಯಷ್ಟು ಸರ್ಕಾರಿ ಜಾಗ ಖಾಲಿ ಬಿದ್ದಿದೆ. ಬರೀ ಬಳ್ಳಾರಿ ಜಾಲಿ, ಮನೆ ಒಡೆದ ಕಲ್ಲುಮಣ್ಣು. ಅಲ್ಲೊಂದು ಪಾರ್ಕ್ ಆಗಲಿ ಅಂತ ನಮ್ಮ ಓಣಿ ಹುಡುಗರೆಲ್ಲ ಸೇರಿ ಮನವಿ ಬರೆಯುತ್ತಿದ್ದೇವೆ. ಹೊಳೆ ಕಡೆ ತಡೆಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿ ಎತ್ತರ ಮಾಡಿದರೆ ಪಾರ್ಕೂ ಆಗುತ್ತದೆ, ಡ್ಯಾಂ ನೀರು ಬಿಟ್ಟಾಗ ಓಣಿಗೆ ನೀರು ನುಗ್ಗುವುದೂ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ಇದು ನಿಜಾನಾ? ಮನವಿಯಲ್ಲಿ ಏನು ಬರೆಯಬೇಕು?

ಉತ್ತರ: ಮನವಿ ಇನ್ನೂ ಕೊಟ್ಟಿಲ್ಲ ಅಲ್ವಾ? ಒಳ್ಳೆಯದೇ ಆಯಿತು. ಅದರಲ್ಲಿ 'ತಡೆಗೋಡೆ' ಅಂತ ಇದ್ದರೆ ದಯವಿಟ್ಟು ಹೊಡೆದುಹಾಕಿ. 'ಮಣ್ಣು ತುಂಬಿಸಿ' ಅಂತ ಇದ್ದರೆ ಅದನ್ನೂ ತೆಗೆಯಿರಿ. ಪಾರ್ಕ್ ಮಾತ್ರ ಗಟ್ಟಿಯಾಗಿ ಕೇಳಿ. ಆದರೆ ಹೊಳೆ ಬಂದಾಗ ಮುಳುಗುವಂಥ ಪಾರ್ಕ್ ಕೇಳಿ. ಮುಳುಗಬೇಕು ಅಂತಲೇ ಮಾಡಿದ ಪಾರ್ಕ್. ಓದಿದಾಗ ವಿಚಿತ್ರ ಅನಿಸಬಹುದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಐದು ಎಕರೆಯನ್ನೂ ಮೂರು ಅಡಿ ಆಳ ತೋಡಿದಿರಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ಹಿಡಿಯುವ ನೀರು ಸುಮಾರು 6.5 ಲಕ್ಷ ಘನ ಅಡಿ. ಕೇಳಲು ದೊಡ್ಡದು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ತುಂಗಭದ್ರಾ ಡ್ಯಾಂನಿಂದ 1.5 ಲಕ್ಷ ಕ್ಯೂಸೆಕ್ ಬಿಟ್ಟ ದಿನ ನಿಮ್ಮ ಐದೂ ಎಕರೆ ತುಂಬಲು ಬೇಕಾಗುವುದು ನಾಲ್ಕೂವರೆ ಸೆಕೆಂಡು. ಈ ಸಾಲು ಓದಿ ಮುಗಿಸುವಷ್ಟರಲ್ಲಿ ತುಂಬಿರುತ್ತದೆ. ಅದೇ ಪ್ರಮಾಣದಲ್ಲಿ ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು 13 ಟಿಎಂಸಿ ಅಡಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಅಂದರೆ ಇಡೀ ಡ್ಯಾಂ ಹಿಡಿಯುವುದರಲ್ಲಿ ಎಂಟನೇ ಒಂದು ಭಾಗ. ಹಾಗಾಗಿ ಪಾರ್ಕ್ ಮಾಡಿ ತುಂಗಭದ್ರೆಯ ಪ್ರವಾಹ ತಗ್ಗಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105 ಚಿಲ್ಲರೆಗೆ ಬಂದಿದೆ. ಮಲೆನಾಡಿನಲ್ಲಿ ಮಳೆ ಜೋರಾದರೆ ಬೇಗ ತುಂಬುತ್ತದೆ, ಬೇಗ ಬಿಡಬೇಕಾಗುತ್ತದೆ. ಬಿಟ್ಟ ನೀರು ನಿಮ್ಮ ಮುಂದೆ ಹಾದೇ ಹೋಗಬೇಕು, ಬೇರೆ ದಾರಿ ಇಲ್ಲ.

ಹಾಗಾದರೆ ಪಾರ್ಕ್ ಯಾಕೆ ಬೇಕು? ಅದು ಹೊಳೆಯ ಜಾಗ ಹೊಳೆಗೇ ಉಳಿಸುತ್ತದೆ. ಇವತ್ತು ಖಾಲಿ ಇರುವ ಆ ಐದು ಎಕರೆ ಹತ್ತು ವರ್ಷ ಹಾಗೇ ಬಿದ್ದಿದ್ದರೆ ಅಲ್ಲಿ ಶೆಡ್ಡು ಬರುತ್ತದೆ, ಆಮೇಲೆ ಮನೆ ಬರುತ್ತದೆ, ಆಮೇಲೆ ಆ ಮನೆಯವರನ್ನು ಪ್ರತಿ ಆಗಸ್ಟ್‌ನಲ್ಲಿ ಗಂಜಿ ಕೇಂದ್ರಕ್ಕೆ ಕಳಿಸಬೇಕಾಗುತ್ತದೆ. ಜನ ಬಳಸುವ ಜಾಗವನ್ನು ಒತ್ತುವರಿ ಮಾಡುವುದು ಕಷ್ಟ. ನನ್ನ ಪ್ರಕಾರ ಹೊಳೆದಂಡೆ ಪಾರ್ಕಿನ ದೊಡ್ಡ ಲಾಭ ಇದೇ, ಆದರೆ ಯಾವ ಯೋಜನಾ ವರದಿಯಲ್ಲೂ ಇದನ್ನು ಬರೆಯುವುದಿಲ್ಲ. ಇನ್ನೊಂದು ಲಾಭವೂ ಇದೆ, ಅದು ನಿಮ್ಮ ಓಣಿಗೆ ನೇರವಾಗಿ ಸಿಗುವಂಥದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಗೋಡೆ ಯಾಕೆ ಬೇಡ ಅಂತ ಹೇಳುತ್ತೇನೆ. ಹೊಳೆಗೆ ಬಂದ ನೀರು ಕಡಿಮೆಯಾಗುವುದಿಲ್ಲ. ಅದರ ಅಗಲ ಕಿತ್ತುಕೊಂಡರೆ ಅದು ಎತ್ತರಕ್ಕೆ ಏರುತ್ತದೆ, ಇಲ್ಲ ಜೋರಾಗಿ ಓಡುತ್ತದೆ, ಬಹಳ ಸಲ ಎರಡೂ ಮಾಡುತ್ತದೆ. ನೀವು ಈಚೆ ಒತ್ತಿದರೆ ಆಚೆ ದಂಡೆಯಲ್ಲಿ ಚಿಕ್ಕಜಂತಕಲ್ ಕಡೆಯವರ ಭತ್ತದ ಗದ್ದೆ ಕೊರೆಯುತ್ತದೆ. ಅಷ್ಟೇ ಅಲ್ಲ, ಐದು ಎಕರೆಗಷ್ಟೇ ಕಟ್ಟಿದ ಗೋಡೆಗೆ ಎರಡು ತುದಿ ಇರುತ್ತವೆ. ನೀರಿಗೆ ತುದಿ ಸುತ್ತಿ ಬರಲು ಎಷ್ಟು ಹೊತ್ತು ಬೇಕು ಹೇಳಿ?

ನಾನೇ ನೋಡಿದ ಒಂದು ಊರಿದೆ, ಹೆಸರು ಬೇಡ. ಹಳ್ಳದ ಪಕ್ಕ ಚೆಂದದ ಕಾಂಕ್ರೀಟ್ ಗೋಡೆ ಕಟ್ಟಿದರು. ಮೊದಲ ದೊಡ್ಡ ಮಳೆಗೆ ಹಳ್ಳ ಗೋಡೆ ದಾಟಲೇ ಇಲ್ಲ. ಆದರೂ ಓಣಿ ಮುಳುಗಿತು. ಮೇಲಿನ ಬೀದಿಗಳ ಮಳೆನೀರು ಇಳಿದು ಬಂದು, ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆಯ ಒಳಗಡೆಯೇ ನಿಂತುಬಿಟ್ಟಿತ್ತು. ಮರುದಿನ ನಾನು ಹೋದಾಗ ಒಬ್ಬ ಅಜ್ಜಿ ಹೊಸ್ತಿಲ ಮೇಲೆ ಕೂತು ನೆನೆದ ಜೋಳವನ್ನು ಸೀರೆ ಮೇಲೆ ಹರವುತ್ತಿದ್ದರು. ಗೋಡೆಯ ಮೇಲೆ ಕಂದು ಗೆರೆ ಎದ್ದು ಕಾಣುತ್ತಿತ್ತು. ಆದರೆ ಆ ಗೆರೆ ಇದ್ದದ್ದು ಊರಿನ ಕಡೆಯ ಮೈಗೆ. ಕೊನೆಗೆ ಜೆಸಿಬಿ ತಂದು ಅವರೇ ಕಟ್ಟಿದ ಗೋಡೆಯನ್ನು ಒಂದು ಕಡೆ ಒಡೆದು ನೀರು ಬಿಟ್ಟರು.

ಅಹಮದಾಬಾದಿನ ಸಾಬರಮತಿ ದಂಡೆ ನೋಡಿ ಅಂತ ನಿಮಗೆ ಯಾರಾದರೂ ಫೋಟೊ ತೋರಿಸುತ್ತಾರೆ, ಗ್ಯಾರಂಟಿ. ಅಲ್ಲಿ ಎರಡೂ ದಂಡೆಗೆ ಕಿಲೋಮೀಟರ್‌ಗಟ್ಟಲೆ ಗೋಡೆ ಕಟ್ಟಿ ನದಿಯನ್ನು 263 ಮೀಟರ್ ಅಗಲಕ್ಕೆ ಹಿಡಿದಿದ್ದಾರೆ. ಅಷ್ಟಾದರೂ ಧರೋಯಿ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ಕೆಳಗಿನ ನಡಿಗೆ ದಾರಿ ಮುಳುಗುತ್ತದೆ. ಅಷ್ಟು ದುಡ್ಡು, ಅಷ್ಟು ಉದ್ದದ ಕೆಲಸ ನಮ್ಮಂಥ ಪುರಸಭೆಗಳ ಮಾತಲ್ಲ. ಅದರ ಒಂದು ತುಣುಕನ್ನು ತಂದು ಇಲ್ಲಿ ನೆಟ್ಟರೆ ಉಪಯೋಗವೂ ಇಲ್ಲ.

ನಮಗೆ ಒಳ್ಳೆ ಮಾದರಿ ಹತ್ತಿರದಲ್ಲೇ ಇದೆ. ಹಂಪಿಯ ಪುರಂದರ ಮಂಟಪಕ್ಕೆ ಹೋಗಿರುತ್ತೀರಿ. ಡ್ಯಾಂ ನೀರು ಬಿಟ್ಟಾಗಲೆಲ್ಲ ಅದು ಮುಳುಗಿತು ಅಂತ ಪೇಪರಿನಲ್ಲಿ ಫೋಟೊ ಬರುತ್ತದೆ. ನೀರು ಇಳಿದ ಮೇಲೆ ನೋಡಿದರೆ ಇದ್ದ ಹಾಗೇ ನಿಂತಿರುತ್ತದೆ. ಕೆಳಗೆ ಬಂಡೆ, ಮೇಲೆ ಕಲ್ಲಿನ ಚಪ್ಪರ, ಮಧ್ಯೆ ಬರೀ ಕಂಬಗಳು. ಗೋಡೆ ಇಲ್ಲ. ನೀರು ಕಂಬಗಳ ನಡುವೆ ಹಾದು ಹೋಗುತ್ತದೆ, ತಳ್ಳಲು ಅದಕ್ಕೆ ಅಗಲವಾದದ್ದು ಏನೂ ಸಿಗುವುದಿಲ್ಲ. ನಿಮ್ಮ ಪಾರ್ಕಿನಲ್ಲಿ ಇಡುವ ಪ್ರತಿಯೊಂದು ವಸ್ತುವಿಗೂ ಇದೇ ಪ್ರಶ್ನೆ ಕೇಳಿ: ನೀರು ಇದರೊಳಗಿಂದ ಹಾದು ಹೋಗುತ್ತದಾ, ಇಲ್ಲ ಇದಕ್ಕೆ ಬಡಿಯುತ್ತದಾ?

ಹೊರದೇಶದವರೂ ಈಗ ಈ ದಾರಿಗೇ ಬಂದಿದ್ದಾರೆ. ಚೀನಾದ ಜಿನ್‌ಹುವಾ ಊರಿನಲ್ಲಿ ಎರಡು ನದಿ ಸೇರುವ ಜಾಗದಲ್ಲಿ ಯಾನ್‌ವೇಜೊ ಅನ್ನುವ ಪಾರ್ಕ್ ಇದೆ. 2014ರಲ್ಲಿ ಮುಗಿದದ್ದು, ಯು ಕಾಂಗ್‌ಜಿಯಾನ್ ಅನ್ನುವವರ ತಂಡ ಮಾಡಿದ್ದು. ಅವರು ಇದ್ದ ಕಾಂಕ್ರೀಟ್ ತಡೆಗೋಡೆಯನ್ನು ಕಿತ್ತು, ಅದರ ಜಾಗದಲ್ಲಿ ಹಂತಹಂತವಾಗಿ ಇಳಿಯುವ ಹುಲ್ಲಿನ ದಂಡೆ ಮಾಡಿದರು. ಪ್ರವಾಹ ಬಂದಾಗ ಆ ಹಂತಗಳು ಮುಳುಗುತ್ತವೆ, ಬಿಟ್ಟುಹೋದ ಗೋಡು ಮಣ್ಣೇ ಹುಲ್ಲಿಗೆ ಗೊಬ್ಬರ. ಜನ ಓಡಾಡಲು ಮೇಲೆ ಸೇತುವೆ ಇದೆ. ಸಿಂಗಾಪುರದ ಬಿಶಾನ್ ಪಾರ್ಕಿನಲ್ಲಿ ಕಲಾಂಗ್ ನದಿ ಕಾಂಕ್ರೀಟ್ ಚರಂಡಿಯ ಥರ ನೇರಕ್ಕೆ ಹರಿಯುತ್ತಿತ್ತು. 2.7 ಕಿಲೋಮೀಟರ್ ಉದ್ದದ ಆ ಕಾಂಕ್ರೀಟನ್ನು ಒಡೆದು, 2012ರ ಹೊತ್ತಿಗೆ ಅಂಕುಡೊಂಕಾಗಿ ಪಾರ್ಕಿನೊಳಗೆ ಹರಿಯಲು ಬಿಟ್ಟರು. ಮಳೆ ಬಂದಾಗ ಹುಲ್ಲುಹಾಸಿನ ಮೇಲೂ ಹರಡುತ್ತದೆ. ನೀರು ಏರುತ್ತಿದ್ದ ಹಾಗೆ ಸೈರನ್ ಕೂಗುತ್ತದೆ, ದೀಪ ಮಿನುಗುತ್ತದೆ. ಅವರ ಮಳೆ ಬೇರೆ, ನಮ್ಮ ಮಳೆ ಬೇರೆ, ಆದ್ದರಿಂದ ನಕಲು ಮಾಡುವುದು ಬೇಡ. ಹೊಳೆಗೆ ಜಾಗ ಬಿಡುವ ಬುದ್ಧಿ ಮಾತ್ರ ತೆಗೆದುಕೊಳ್ಳೋಣ.

ಈಗ ನಿಮ್ಮ ಐದು ಎಕರೆ. ನಾನಾದರೆ ಅದನ್ನು ಮೂರು ಮಟ್ಟ ಮಾಡುತ್ತೇನೆ. ಹೊಳೆಗೆ ಹತ್ತಿರದ ಪಟ್ಟಿ ಪ್ರತಿ ವರ್ಷ ಮುಳುಗುವುದು. ಅಲ್ಲಿ ಕಲ್ಲಿನ ಮೆಟ್ಟಿಲು, ಬಟ್ಟೆ ಒಗೆಯುವ ಬಂಡೆ, ದನ ಇಳಿಯಲು ಜಾರು ದಾರಿ, ಹರಿಗೋಲು ಕಟ್ಟಲು ಕಲ್ಲು, ಅಷ್ಟೇ ಸಾಕು. ಈಗಲೂ ಜನ ಅದಕ್ಕೇ ಅಲ್ಲಿಗೆ ಬರುವುದಲ್ವಾ, ಪಾರ್ಕ್ ಆಯಿತು ಅಂತ ಅವರನ್ನು ಓಡಿಸಬಾರದು. ನಡುವಿನ ಪಟ್ಟಿ ದೊಡ್ಡ ಹೊಳೆ ಬಂದಾಗ ಮುಳುಗುವುದು. ಅಲ್ಲಿ ನಡಿಗೆ ದಾರಿ, ಹುಲ್ಲು, ಮರಳಿನಲ್ಲಿ ಮಕ್ಕಳ ಆಟ. ಶೌಚಾಲಯ, ಕರೆಂಟ್ ಪ್ಯಾನಲ್, ಕಾವಲುಗಾರನ ಕೋಣೆ ಇವೆಲ್ಲ ಊರಿಗೆ ಹತ್ತಿರದ ಮೇಲಿನ ಮಟ್ಟಕ್ಕೆ. ದಂಡೆಯ ಇಳಿಜಾರು ಒಂದಕ್ಕೆ ನಾಲ್ಕು ಇರಲಿ, ಅಂದರೆ ಒಂದು ಅಡಿ ಇಳಿಯಲು ನಾಲ್ಕು ಅಡಿ ನಡೆಯಬೇಕು. ಕಾಲು ಜಾರಿದ ಮಗು ಎದ್ದು ಹತ್ತಿ ಬರುವಂತಿರಬೇಕು. ಎಲ್ಲಾದರೂ ಎತ್ತರ ಬೇಕಿದ್ದರೆ ಪಾರ್ಕಿನೊಳಗೇ ತೋಡಿದ ಮಣ್ಣನ್ನು ಹಾಕಿ. ಹೊರಗಿನಿಂದ ಒಂದು ಟ್ರ್ಯಾಕ್ಟರ್ ಮಣ್ಣೂ ಒಳಗೆ ಬರಬಾರದು ಅಂತ ಮನವಿಯಲ್ಲೇ ಬರೆಯಿರಿ. ಅಲ್ಲಿ ಬಿದ್ದಿರುವ ಕಲ್ಲುಮಣ್ಣಿನ ಕಸ ಇದೆಯಲ್ಲ, ಅದನ್ನು ಸಾಗಿಸಿದರೂ ಸಾಕು, ಪಾರ್ಕಿಗಿಂತ ಮೊದಲೇ ಹೊಳೆಗೆ ಒಂದಷ್ಟು ಜಾಗ ಸಿಕ್ಕಿತು.

ಆಗಲೇ ಹೇಳಿದೆನಲ್ಲ, ಓಣಿಗೆ ನೇರ ಲಾಭ ಅಂತ, ಅದು ಈಗ. ನಿಮ್ಮ ಓಣಿಗೆ ನೀರು ಎಲ್ಲಿಂದ ಬರುತ್ತದೆ, ಸರಿಯಾಗಿ ನೋಡಿದ್ದೀರಾ? ಹೊಳೆ ದಂಡೆ ಹತ್ತಿ ಬರುವುದು ದೊಡ್ಡ ಪ್ರವಾಹದಲ್ಲಿ. ಅದಕ್ಕೂ ಮೊದಲು, ಹೊಳೆ ಅರ್ಧ ಏರಿದಾಗಲೇ, ಚರಂಡಿಯ ಬಾಯಿಂದ ಹಿಮ್ಮುಖವಾಗಿ ನೀರು ಒಳಗೆ ಬರುತ್ತದೆ. ಹೊಳೆದಂಡೆಯ ಎಷ್ಟೋ ಊರುಗಳಲ್ಲಿ ಇದೇ ಕಥೆ. ದೊಡ್ಡ ಚರಂಡಿ ಹೊಳೆಗೆ ಸೇರುವ ಬಾಯಿ ತಗ್ಗಿನಲ್ಲಿ ಇರುತ್ತದೆ, ಹೊಳೆ ಏರಿತು ಅಂದರೆ ಆ ಬಾಯಿ ಮುಚ್ಚಿತು. ಅದೇ ಹೊತ್ತಿಗೆ ಊರಲ್ಲೂ ಮಳೆ ಸುರಿದರೆ ಮುಗಿಯಿತು, ನೀರು ಹೋಗಲು ಜಾಗವೇ ಇಲ್ಲ.

ಇದಕ್ಕೆ ಪರಿಹಾರ ಇದೆ. ಚರಂಡಿ ಬಾಯಿಗೆ ಒಮ್ಮುಖ ಬಾಗಿಲು, ಅದನ್ನು ಫ್ಲಾಪ್ ಗೇಟ್ ಅಂತಾರೆ. ಮೇಲಿನಿಂದ ತೂಗಿಬಿಟ್ಟ ಕಬ್ಬಿಣದ ಮುಚ್ಚಳ ಅಷ್ಟೇ. ಊರ ನೀರು ತಳ್ಳಿದರೆ ತೆರೆದುಕೊಳ್ಳುತ್ತದೆ, ಹೊಳೆ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಆದರೆ ಬಾಗಿಲು ಮುಚ್ಚಿದಾಗ ಊರ ಮಳೆನೀರು ಎಲ್ಲಿಗೆ ಹೋಗಬೇಕು? ಅದಕ್ಕೆ ಪಾರ್ಕು. ಮೇಲಿನ ಮಟ್ಟದಲ್ಲಿ, ಓಣಿ ಕಡೆಗೆ, ಎರಡು ಎಕರೆಯಷ್ಟು ಜಾಗವನ್ನು ಮೂರು ಅಡಿ ತಗ್ಗಿಸಿ ಆಟದ ಮೈದಾನ ಮಾಡಿ. ಹೊಳೆ ಕಡೆಗೆ ಒಂದು ಸಣ್ಣ ಒಡ್ಡು, ಅದು ಚರಂಡಿ ಬಾಯಿ ಮುಚ್ಚುವ ಮಟ್ಟಕ್ಕಿಂತ ಎತ್ತರ ಇದ್ದರೆ ಸಾಕು. ವರ್ಷದಲ್ಲಿ ಮುನ್ನೂರೈವತ್ತು ದಿನ ಹುಡುಗರು ಕ್ರಿಕೆಟ್ ಆಡಲಿ. ಉಳಿದ ಆ ಕೆಲವು ದಿನ ಅದು ಕೆರೆ.

ಸಾಕಾಗುತ್ತದಾ ಅಂತ ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್. ನಿಮ್ಮ ಓಣಿಗಳ ನೀರು ಇಳಿಯುವ ಪ್ರದೇಶ 40 ಎಕರೆ ಅಂದುಕೊಳ್ಳಿ, 80 ಲಕ್ಷ ಲೀಟರ್ ಆಯಿತು. ಮನೆ, ಸಿಮೆಂಟ್ ರಸ್ತೆ ಇರುವ ಕಡೆ ಮೂರರಲ್ಲಿ ಎರಡು ಪಾಲು ಹರಿದು ಬರುತ್ತದೆ ಅಂದರೆ 53 ಲಕ್ಷ ಲೀಟರ್. ಎರಡು ಎಕರೆ ಮೈದಾನ ಮೂರು ಅಡಿಗೆ ಹಿಡಿಯುವುದು 74 ಲಕ್ಷ ಲೀಟರ್. ಸಾಕು, ಇನ್ನೂ ಉಳಿಯುತ್ತದೆ. ನೋಡಿ, ಹೊಳೆಯ ಮುಂದೆ ನಾಲ್ಕೂವರೆ ಸೆಕೆಂಡಿಗೂ ಆಗದ ಪಾರ್ಕು ಓಣಿಯ ಮಳೆಗೆ ಪೂರ್ತಿ ಸಾಕಾಗುತ್ತದೆ. ಪಾರ್ಕಿನಿಂದ ಪ್ರವಾಹದ ಅಪಾಯ ಕಡಿಮೆಯಾಗುತ್ತದೆ ಅಂತ ನಾನು ಹೇಳುವುದು ಈ ಅರ್ಥದಲ್ಲಿ. 40 ಎಕರೆ ನನ್ನ ಅಂದಾಜು, ನೀವು ನಿಜವಾದ ಅಳತೆ ಹಾಕಿ ಇದೇ ಲೆಕ್ಕ ಮಾಡಿ.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹೊಳೆ ಒಡ್ಡನ್ನೇ ದಾಟಿತು ಅಂದರೆ ಮೈದಾನವೂ ಇಲ್ಲ, ಗೇಟೂ ಇಲ್ಲ, ಎಲ್ಲ ಒಂದೇ ನೀರು. ಆವತ್ತು ಮನೆ ಬಿಟ್ಟು ಮೇಲೆ ಹೋಗಲೇಬೇಕು. ಇನ್ನೊಂದು, ಚರಂಡಿಯಲ್ಲಿ ಕಕ್ಕಸಿನ ನೀರು ಬರುತ್ತಿದ್ದರೆ ಅದನ್ನು ಒಳಚರಂಡಿಗೆ ತಿರುಗಿಸುವ ತನಕ ಮೈದಾನಕ್ಕೆ ಬಿಡಬೇಡಿ. ಮಕ್ಕಳು ಬಿದ್ದು ಹೊರಳಾಡುವ ಜಾಗ ಅದು. ಹೊಳೆ ಇಳಿದ ಎರಡು ದಿನದೊಳಗೆ ಮೈದಾನ ಖಾಲಿಯಾಗುವ ಹಾಗೆ ತೂಬು ಇಡಿಸಿ, ಇಲ್ಲದಿದ್ದರೆ ಸೊಳ್ಳೆ ಕಾಟಕ್ಕೆ ಜನ ಪಾರ್ಕನ್ನೇ ಬಯ್ಯುತ್ತಾರೆ. ನೆಲ ನೀರು ಕುಡಿಯುತ್ತದೆ ಅನ್ನುವ ಭರವಸೆ ಬೇಡ. ಎರೆ ಮಣ್ಣು ಇದ್ದರಂತೂ ಒಂದು ಸಲ ನೆನೆದು ಉಬ್ಬಿದ ಮೇಲೆ ನೀರು ಇಳಿಯಲು ಬಿಡುವುದಿಲ್ಲ.

ಸಾಮಾನಿನ ವಿಷಯ. ಇಂಟರ್‌ಲಾಕ್ ಟೈಲ್ಸ್ ಬೇಡವೇ ಬೇಡ. ಅವು ಕೂತಿರುವುದು ಮರಳಿನ ಮೇಲೆ, ಮರಳು ಹೋದರೆ ಒಂದೊಂದೇ ಎದ್ದು ಬರುತ್ತವೆ. ನಮ್ಮಲ್ಲಿ ಗ್ರಾನೈಟ್‌ಗೆ ಬರವಿಲ್ಲ, ದಪ್ಪ ಚಪ್ಪಡಿ ಹಾಸಿ ನಡುವೆ ಗರಿಕೆ ಬೆಳೆಯಲು ಬಿಡಿ. ಬೆಂಚೂ ಅದೇ ಕಲ್ಲಿನದು, ನೆಲಕ್ಕೆ ಹೂತು ನಿಲ್ಲಿಸಿದ್ದು. ಓಪನ್ ಜಿಮ್ ಬೇಕೇ ಬೇಕು ಅಂತ ಯಾರಾದರೂ ಹಟ ಹಿಡಿದರೆ ಮೇಲಿನ ಮಟ್ಟದಲ್ಲಿ ಹಾಕಿಸಿ. ಕಾಂಪೌಂಡ್ ಬೇಡ. ಹೊಳೆ ಇಳಿದ ಮೇಲೆ ಕಂಪ್ಲಿ ಸೇತುವೆಯ ಕಂಬಿ ನೋಡಿದ್ದೀರಲ್ಲ? ಜಾಲಿ ಕಂಟಿ, ಜೊಂಡು, ಅಂತರಗಂಗೆ, ಹರಿದ ಬಲೆ, ಪ್ಲಾಸ್ಟಿಕ್ ಎಲ್ಲ ಸೇರಿ ಚಾಪೆ ಹೆಣೆದ ಹಾಗೆ ಸುತ್ತಿಕೊಂಡಿರುತ್ತದೆ. ಕಂಬಿ ಮುರಿಯುವುದು ಬರೀ ನೀರಿಗಲ್ಲ, ಆ ಚಾಪೆ ಹಿಡಿದ ನೀರಿಗೆ. ನಿಮ್ಮ ಪಾರ್ಕಿನ ತಂತಿಬೇಲಿಗೂ ಅದೇ ಗತಿ ಆಗುತ್ತದೆ. ದನ ಬಾರದಂತೆ ಬೇಲಿ ಬೇಕಾದರೆ ಜೂನ್‌ನಲ್ಲಿ ಕಿತ್ತಿಡುವಂಥ ಕಂಬ ಹಾಕಿಸಿ.

ಗಿಡಗಳಲ್ಲಿ ಮೊದಲು ಬಳ್ಳಾರಿ ಜಾಲಿಯನ್ನು ಬೇರುಸಮೇತ ತೆಗೆಸಿ. ಅದು ಒತ್ತಾಗಿ ಬೆಳೆದು ನೀರನ್ನು ತಡೆಯುತ್ತದೆ, ಬೇರೆ ಏನನ್ನೂ ಬೆಳೆಯಲು ಬಿಡುವುದಿಲ್ಲ. ಆದರೆ ಒಂದೇ ದಿನ ಎಲ್ಲ ಕಿತ್ತು ದಂಡೆಯನ್ನು ಬೋಳು ಬಿಡಬೇಡಿ, ಕಿತ್ತ ಕಡೆ ತಕ್ಷಣ ಲಾವಂಚ ನೆಡಿ. ಲಾವಂಚದ ಬೇರು ನೇರ ಕೆಳಗೆ ಆಳೆತ್ತರಕ್ಕಿಂತ ಜಾಸ್ತಿ ಇಳಿಯುತ್ತದೆ, ಇಳಿಜಾರಿನ ಮಣ್ಣನ್ನು ಹೊಲಿದ ಹಾಗೆ ಹಿಡಿದುಕೊಳ್ಳುತ್ತದೆ. ಜನವರಿಯಲ್ಲಿ ನೆಟ್ಟು ಬೇಸಿಗೆ ಪೂರ್ತಿ ನೀರು ಕೊಟ್ಟರೆ ಜುಲೈಗೆ ಹೊಳೆ ಬರುವಷ್ಟರಲ್ಲಿ ಕಾಲೂರಿರುತ್ತದೆ. ಜೂನ್‌ನಲ್ಲಿ ನೆಟ್ಟರೆ ಅದೂ ಕೊಚ್ಚಿಹೋಗುತ್ತದೆ, ಬಿಲ್ಲು ಮಾತ್ರ ಉಳಿಯುತ್ತದೆ. ಮೇಲೆ ಹೊಳೆಮತ್ತಿ, ಹೊಂಗೆ, ನೇರಳೆ ಹಾಕಿ. ಇವು ಹೊಳೆ ದಂಡೆಯವೇ, ನಾಲ್ಕು ದಿನ ನೀರಲ್ಲಿ ನಿಂತರೂ ಸಾಯುವುದಿಲ್ಲ. ಮರಗಳ ಸಾಲು ನೀರು ಹರಿಯುವ ದಿಕ್ಕಿಗೇ ಇರಲಿ, ಅಡ್ಡಕ್ಕೆ ಬೇಡ.

ನಿಮ್ಮ ಮುಂದೆ ಹರಿಯುವ ಹೊಳೆಗೆ ಇನ್ನೊಂದು ವಿಶೇಷ ಇದೆ, ಊರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಉದ್ದದ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಹಾಗಾಗಿ ಮನವಿಯ ಒಂದು ಪ್ರತಿ ಅರಣ್ಯ ಇಲಾಖೆಗೂ ಹೋಗಲಿ, ಅವರನ್ನು ಮೊದಲೇ ಸೇರಿಸಿಕೊಳ್ಳಿ. ನೀರುನಾಯಿಗೆ ಬೇಕಾಗಿರುವುದೂ ಬಂಡೆ, ಜೊಂಡು, ಮಣ್ಣಿನ ದಂಡೆಯೇ. ದಂಡೆಯ ಕೆಳಗಿನ ಪಟ್ಟಿಗೆ ರಾತ್ರಿಯಿಡೀ ಉರಿಯುವ ಫೋಕಸ್ ಲೈಟ್ ಹಾಕಿಸಬೇಡಿ. ಮೊಸಳೆಯೂ ಇದೆ, ಹೊಳೆ ಇಳಿದ ಮೇಲೆ ಪಾರ್ಕ್ ತೆರೆಯುವ ಮೊದಲು ತಗ್ಗುಗಳನ್ನೆಲ್ಲ ಒಂದು ಸುತ್ತು ನೋಡಿ ಬರಬೇಕು.

ಸೈರನ್ ಮರೆಯಬೇಡಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಎಲ್ಲರೂ ಮಲಗುವ ಹೊತ್ತು. ಡ್ಯಾಂ ನೀರು ಕಂಪ್ಲಿಗೆ ಬರಲು ಸಿಗುವುದು ಕೆಲವು ಗಂಟೆ ಮಾತ್ರ. ತುಂಗಭದ್ರಾ ಮಂಡಳಿಯ ಹೊರಹರಿವಿನ ಸೂಚನೆ ಪುರಸಭೆಗೆ ಬಂದ ಕೂಡಲೇ ಪಾರ್ಕಿನ ಸೈರನ್ ಕೂಗಬೇಕು, ಪಾರ್ಕಿಗೆ ಇಳಿಯುವ ದಾರಿಗೆ ಸರಪಳಿ ಬೀಳಬೇಕು. ಇದನ್ನು ಮಾಡುವ ವ್ಯಕ್ತಿ ಯಾರು ಅಂತ ಮೊದಲೇ ತೀರ್ಮಾನವಾಗಿರಲಿ. ಹಾಗೆಯೇ ಹೊಳೆ ಇಳಿದ ಮೇಲೆ ರಾಡಿ ತೆಗೆಯುವ ದುಡ್ಡು ಪ್ರತಿ ವರ್ಷದ ಬಜೆಟ್‌ನಲ್ಲಿ ಬೇರೆ ಇಡಲು ಕೇಳಿ. ರಾಡಿ ಹಸಿ ಇರುವಾಗಲೇ ತೆಗೆಯಬೇಕು, ಒಣಗಿ ಗಟ್ಟಿಯಾದರೆ ಗುದ್ದಲಿಗೂ ಜಗ್ಗುವುದಿಲ್ಲ. ರೈತರಿಗೆ ಸುಮ್ನೆ ಒಯ್ಯಿರಿ ಅಂದರೆ ಟ್ರ್ಯಾಕ್ಟರ್ ಸಮೇತ ಬರುತ್ತಾರೆ, ಆ ಗೋಡು ಹೊಲಕ್ಕೆ ಚಿನ್ನ.

ಮನವಿ ಕೊಡುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಕೋಟೆ ಕಡೆಯ ಇಬ್ಬರು ಮೂವರು ಹಿರಿಯರನ್ನು, ಹರಿಗೋಲು ಹಾಕುವವರನ್ನು ಕರೆದುಕೊಂಡು ಹೋಗಿ. ಸೇತುವೆ ಮುಳುಗಿ ಬಸ್ಸುಗಳು ಬುಕ್ಕಸಾಗರ-ಕಡೇಬಾಗಿಲು ಸುತ್ತಿ ಹೋದ ವರ್ಷಗಳನ್ನು ನೆನಪು ಮಾಡಿ. 2019ರಲ್ಲಿ ನೀರು ಯಾವ ಮನೆಯ ಯಾವ ಮೆಟ್ಟಿಲಿಗೆ ಬಂದಿತ್ತು, ಚರಂಡಿಯಿಂದ ಮೊದಲು ಬಂತಾ, ದಂಡೆ ಹತ್ತಿ ಬಂತಾ, ಎಷ್ಟು ದಿನ ನಿಂತಿತ್ತು, ಎಲ್ಲ ಕೇಳಿ ಬರೆದುಕೊಳ್ಳಿ. ಅವರು ತೋರಿಸಿದ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದು ವರ್ಷ ಬರೆಯಿರಿ, ಫೋಟೊ ತೆಗೆಯಿರಿ. ಚರಂಡಿ ಬಾಯಿ ಆ ಗೆರೆಗಿಂತ ಎಷ್ಟು ಅಡಿ ಕೆಳಗಿದೆ ಅಂತ ನೀರು ತುಂಬಿದ ಪೈಪ್ ಹಿಡಿದು ಗೌಂಡಿಯೊಬ್ಬರಿಂದ ಮಟ್ಟ ನೋಡಿಸಿ. ಆ ಎರಡು ಅಳತೆ ನನಗೆ ಕಳಿಸಿದರೆ ಒಡ್ಡು ಎಷ್ಟು ಎತ್ತರ ಬೇಕು, ಮೈದಾನ ಎಷ್ಟು ತಗ್ಗಬೇಕು ಅಂತ ನಾನು ಕೂತು ಲೆಕ್ಕ ಹಾಕಿ ಕೊಡುತ್ತೇನೆ.